ನಾಲ್ಕನೆಯ ಮಾತು

ಏಪ್ರಿಲ್ ಮಧ್ಯಾಹ್ನಗಳಲ್ಲಿ ನಮ್ಮ ಕಡೆಯ ಊರುಗಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತವೆ. ಅಂಗಡಿಗಳ ಮುಂದೆ ಗೋಣಿತಟ್ಟು ಇಳಿಬಿದ್ದಿರುತ್ತದೆ. ನಾಯಿಗಳು ಗೋಡೆಯ ನೆರಳಿಗೆ ಹೊಟ್ಟೆ ಹಚ್ಚಿ ಮಲಗಿರುತ್ತವೆ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಡಾಂಬರು ದೂರದಲ್ಲಿ ನೀರಾಗಿ ಹೊಳೆಯುತ್ತದೆ, ಬಸ್ಸು ಹತ್ತಿರ ಹೋದಂತೆ ಮತ್ತೆ ಡಾಂಬರಾಗುತ್ತದೆ. ಶುಭ ಶುಕ್ರವಾರ ಹೆಚ್ಚಾಗಿ ಬರುವುದು ಇಂಥ ಬಿಸಿಲಿನಲ್ಲಿ. ಚಿಕ್ಕವಳಿದ್ದಾಗ ಆ ದಿನದ ಆರಾಧನೆಯನ್ನು ನಾನು ಪೂರ್ತಿ ಎಚ್ಚರದಿಂದ ಕಂಡದ್ದೇ ಇಲ್ಲ. ಅವ್ವನ ಬಿಳಿ ಸೀರೆಯ ಮಡಿಲು, ಕಾದ ತಗಡಿನ ಛಾವಣಿ ಆಗೊಮ್ಮೆ ಈಗೊಮ್ಮೆ ಚಿಟ್ ಎನ್ನುವುದು, ಯಾರೋ ಎದ್ದು ಮಾತನಾಡುವುದು, ಎಲ್ಲರೂ ಹಾಡುವುದು, ಮತ್ತೆ ಇನ್ಯಾರೋ ಎದ್ದು ನಿಲ್ಲುವುದು. ಎಲ್ಲವೂ ನೀರಿನೊಳಗಿಂದ ಕೇಳಿಸಿದಂತೆ ಇರುತ್ತಿತ್ತು.

ಆ ಆರಾಧನೆ ನಡುಹಗಲು ಶುರುವಾಗಿ ಮೂರು ತಾಸು ನಡೆಯುತ್ತದೆ. ಯೇಸು ಶಿಲುಬೆಯ ಮೇಲಿಂದ ಆಡಿದ್ದು ಏಳು ಮಾತು. ಒಂದೊಂದು ಮಾತನ್ನು ಒಬ್ಬೊಬ್ಬರಿಗೆ ಹಂಚಿಕೊಡುತ್ತಾರೆ. ಅವರು ಎದ್ದು ಅದರ ಬಗ್ಗೆ ಸ್ವಲ್ಪ ಹೊತ್ತು ಪ್ರಸಂಗ ಮಾಡಬೇಕು, ಆಮೇಲೆ ಎಲ್ಲರೂ ಹಾಡಿನ ಒಂದು ನುಡಿ ಹಾಡಬೇಕು. ನಮ್ಮ ಸಭೆ ಚಿಕ್ಕದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದೆ. ಹಾಗಾಗಿ ಆ ದಿನ ನಾಲ್ಕೂ ಕಡೆಯವರು ಬಾಗೇವಾಡಿಯ ಊರ ಹೊರಗಿನ ತಗಡಿನ ಮಂದಿರದಲ್ಲಿ ಕೂಡುತ್ತೇವೆ. ಏಳು ಮಾತುಗಳಿಗೂ ನಮ್ಮವರು ಅಡ್ಡಹೆಸರು ಇಟ್ಟಿದ್ದಾರೆ. ಕ್ಷಮೆಯ ಮಾತು, ಕಳ್ಳನ ಮಾತು, ತಾಯಿಯ ಮಾತು, ನೀರಡಿಕೆಯ ಮಾತು, ಹೀಗೆ. ನಾಲ್ಕನೆಯದಕ್ಕೆ ಮಾತ್ರ ಅಡ್ಡಹೆಸರಿಲ್ಲ. ದೇವರೇ, ನನ್ನನ್ನು ಕೈಬಿಟ್ಟದ್ದೇಕೆ ಎಂದು ಆತ ಕೂಗಿ ಕೇಳುವುದು ಆ ಮಾತಿನಲ್ಲಿ. ಅದನ್ನು ಎಲ್ಲರೂ ಬರೀ 'ನಾಲ್ಕನೇದು' ಎನ್ನುತ್ತಾರೆ.

ಒಂದು ವರ್ಷ ಮಾತು ಹಂಚುವ ಭಾನುವಾರ ನಾನೂ ಅವ್ವನೂ ಬಾಗೇವಾಡಿಗೆ ಹೋಗಿದ್ದೆವು. ಹಂಚುವವರು ಪಾಸ್ಟರರ ಹೆಂಡತಿ. ನಾವೆಲ್ಲ ಅವರನ್ನು ಅಮ್ಮಾರು ಎನ್ನುತ್ತೇವೆ. ಆರಾಧನೆ ಮುಗಿದು ಚಹಾ ಬಂದಿತ್ತು.

"ಕ್ಷಮಾದ ಮಾತು ಇಂಡಿಯವರಿಗೇ ಇರಲ್ರಿ ಅಮ್ಮಾರ," ಎಂದಳು ನಮ್ಮ ಸಿಂದಗಿಯ ಹೆಂಗಸೊಬ್ಬಳು. "ಹೊಲದ ಬಾಂದಗಲ್ಲಿನ ಸಲುವಾಗಿ ಅಣ್ಣತಮ್ಮ ಇನ್ನಾ ಮಾತಾಡವಲ್ರು."

"ಹಂಗಾರ ನಿಮಗ ಕಳ್ಳನ ಮಾತು ಕೊಡ್ರಿ ಅಂತ ನಾವೇನಾರ ಅಂದೇವೇನು?" ಎಂದರು ಇಂಡಿಯ ಹಿರಿಯರು, ಬಸಿಯಲ್ಲಿ ಚಹಾ ಊದುತ್ತ. ಹೊಲ ಮಾಡಿಕೊಂಡಿರುವ ಇವರು ಸಭೆಗೆಲ್ಲ ಕಾಕಾ.

ಮುದ್ದೇಬಿಹಾಳದ ಟೇಲರ್ ಕೈಮುಗಿದ. "ನೀರಡಿಕಿ ಮಾತು ಈ ಸಲ ನಮಗ ಬ್ಯಾಡ್ರಿ. ಉಪಾಸ ಇದ್ದು ಅದನ್ನ ಹೇಳೂದಂದ್ರ ಬಾಯಾಗ ನಾಲಿಗಿ ತಿರಗೂದಿಲ್ಲ."

"ಅದಕ್ಕ ನಿಮಗ ಕೊಡೂದು. ಪ್ರಸಂಗ ಗಿಡ್ಡ ಆಗತೈತಿ," ಎಂದರು ಅಮ್ಮಾರು.

ನಗು ತಗಡಿಗೆ ಬಡಿದು ಮರಳಿತು. ಆಮೇಲೆ ನಾಲ್ಕನೆಯದು ಉಳಿಯಿತು, ಎಲ್ಲರೂ ಚಹಾದ ಲೋಟ ನೋಡತೊಡಗಿದರು. ನನಗೆ ನೆನಪಿರುವಂದಿನಿಂದ ಆ ಮಾತು ಗೊಳಸಂಗಿಯ ಅಜ್ಜನದು. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಹಿಂದಿನ ಮಳೆಗಾಲದಲ್ಲಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು.

"ನಾಲ್ಕನೇದು ನಮ್ಮ ಮೇಡಮ್‌ಗ ಇರಲಿ," ಎಂದರು ಅಮ್ಮಾರು, ನನ್ನನ್ನು ನೋಡಿ. ಸಿಂದಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ಸೇರಿದ ಮೇಲೆ ಸಭೆಯಲ್ಲಿ ನನಗೆ ಅದೇ ಹೆಸರು.

"ನನಗ ಆಗೂದಿಲ್ರಿ ಅಮ್ಮಾರ."

"ಸಾಲ್ಯಾಗ ತಾಸುಗಟ್ಲೆ ಮಾತಾಡತಿ. ಇದು ಹತ್ತು ನಿಮಿಷದ್ದು. ನಾಚಬ್ಯಾಡ."

ಪಕ್ಕದಲ್ಲಿ ಅವ್ವನ ಮುಖ ಅರಳಿದ್ದನ್ನು ನಾನು ನೋಡಿದೆ. ಹಾಗಾಗಿ ಇಲ್ಲ ಎನ್ನುವುದು ನನ್ನಿಂದ ಆಗಲಿಲ್ಲ.

ಅವ್ವನ ಬಗ್ಗೆ ಇಷ್ಟು ಹೇಳಬೇಕು. ನಾನು ಇನ್ನೂ ಒಂದನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಮೊದಲ ಕೆಲವು ವಾರ ಮನೆ ತುಂಬ ಜನರಿದ್ದರು, ಆಮೇಲೆ ಯಾರೂ ಇರಲಿಲ್ಲ. ಆ ದಿನಗಳಲ್ಲಿ ಅಂಗನವಾಡಿಯ ಕೆಲಸದಿಂದ ಬಂದ ಅವ್ವ ಕೊಡ ಇಳಿಸಿ ಗೋಡೆಗೆ ಒರಗಿ ಕುಳಿತರೆ ಕತ್ತಲಾದರೂ ಏಳುತ್ತಿರಲಿಲ್ಲ. ಅಮ್ಮಾರು ಅಂಗನವಾಡಿಯ ಯಾವುದೋ ತರಬೇತಿಯಲ್ಲಿ ಅವಳಿಗೆ ಪರಿಚಯವಾದವರು. ಅವರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಅವಳ ಪಕ್ಕದಲ್ಲಿ ಅದೇ ಗೋಡೆಗೆ ಒರಗಿ ಕೂರುತ್ತಿದ್ದರು. ಧರ್ಮದ ಮಾತು ಬಂದದ್ದು ತಿಂಗಳುಗಳು ಕಳೆದ ಮೇಲೆ. ಅವ್ವನ ನಂಬಿಕೆ ಅಲ್ಲಿಂದ ಬಂದದ್ದು. ಅದು ಅವಳ ಬೆನ್ನೆಲುಬಿನ ಹಾಗೆ ಒಳಗಿತ್ತು, ಹೊರಗೆ ತೋರಿಸುವ ವಸ್ತುವಾಗಿರಲಿಲ್ಲ.

ನನಗೆ ಸಂಶಯ ಬಂದದ್ದು ಅಪ್ಪ ಹೋದದ್ದರಿಂದ ಎಂದು ಯಾರಾದರೂ ತಿಳಿದಾರು. ನಿಜವಾಗಿ ಅದು ಬಂದ ದಿನ ಏನೂ ಆಗಲಿಲ್ಲ. ವಿಶ್ವವಿದ್ಯಾಲಯದ ಕೊನೆಯ ವರ್ಷ, ಒಂದು ಬೆಳಿಗ್ಗೆ. ಸಿಂದಗಿಯ ನಿಲ್ದಾಣದಲ್ಲಿ ಕಿಟಕಿಯ ಪಕ್ಕ ಕುಳಿತು ಬಸ್ಸು ಊರು ದಾಟುವವರೆಗೆ ಮನಸ್ಸಿನಲ್ಲಿ ಪ್ರಾರ್ಥನೆ ಮಾಡುವುದು ನನ್ನ ರೂಢಿ. ಆ ದಿನವೂ ಮಾಡುತ್ತಿದ್ದೆ. ಬಸ್ಸು ಊರು ದಾಟಿತು. ಎರೆಹೊಲಗಳ ಮೇಲೆ ಮಂಜು ತೆಳ್ಳಗೆ ಹಾಸಿತ್ತು, ತೆನೆ ಹೊತ್ತ ಬಿಳಿಜೋಳ ಅದರಲ್ಲಿ ಸೊಂಟದವರೆಗೆ ಮುಳುಗಿ ನಿಂತಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಒಂದು ವಿಷಯ ತಿಳಿಯಿತು. ಫೋನಿನಲ್ಲಿ ಕರೆ ಕಡಿದುಹೋದದ್ದು ಗೊತ್ತಾಗದೆ ಮಾತನಾಡುತ್ತಲೇ ಇರುತ್ತಾರಲ್ಲ, ನಾನು ಹಾಗೆ ಮಾತನಾಡುತ್ತಿದ್ದೇನೆ. ಕರೆ ಎಂದು ಕಡಿಯಿತೋ ತಿಳಿಯದು. ಆ ಕಡೆ ಮೌನವೂ ಇರಲಿಲ್ಲ. ಮೌನಕ್ಕಾದರೂ ಒಬ್ಬರು ಬೇಕು.

ಹೆದರಿಕೆ ಆಗಲಿಲ್ಲ, ಅಳು ಬರಲಿಲ್ಲ. ಮಂಜು ಕರಗಿತು, ನಾನು ತರಗತಿಗೆ ಹೋದೆ.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ನಾನು ಪ್ರತಿ ಭಾನುವಾರವೂ ಆರಾಧನೆಗೆ ಹೋದೆ. ಹಾಡಿದೆ, ತಲೆ ಬಾಗಿಸಿದೆ. ಬೇರೆಯವರ ಕಣ್ಣು ಮುಚ್ಚಿರುವಾಗ ನಾನು ಕಣ್ಣು ತೆರೆದು ಅವರ ಮುಖಗಳನ್ನು ನೋಡುತ್ತಿದ್ದೆ. ಆ ಮುಖಗಳು ಯಾವುದೋ ದೂರದ ಮನೆಯ ಬೆಳಕಿದ್ದ ಕಿಟಕಿಗಳಂತೆ ಕಾಣುತ್ತಿದ್ದವು. ಯಾರಿಗೂ ಹೇಳಲಿಲ್ಲ. ಸುಮ್ಮನಿರುವುದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾಲ್ಕನೆಯ ಮಾತು ಬಂದ ಮೇಲೆ ಸುಮ್ಮನಿರುವ ದಾರಿ ಮುಚ್ಚಿತು. ಗೊಳಸಂಗಿಯ ಅಜ್ಜ ಆ ಪ್ರಸಂಗ ಮಾಡುವ ರೀತಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವರು ಆ ಕೂಗನ್ನು ಒಂದೇ ಉಸಿರಿನಲ್ಲಿ ಹೇಳಿ, ಮರುಕ್ಷಣ ಎರಡೂ ಕೈ ಎತ್ತಿ, "ಆದ್ರ ದುಃಖ ಪಡಬ್ಯಾಡ್ರಿ, ಮೂರನೇ ದಿನ ಐತಿ!" ಎನ್ನುತ್ತಿದ್ದರು. ಸತ್ತ ಯೇಸು ಮೂರನೆಯ ದಿನ, ಭಾನುವಾರ, ಜೀವಂತವಾಗಿ ಎದ್ದನೆಂಬ ನಂಬಿಕೆಯ ಮಾತು ಅದು. ಮಂದಿರವೆಲ್ಲ "ಆಮೆನ್" ಎನ್ನುತ್ತಿತ್ತು. ನಾನು ಅವ್ವನ ಮಡಿಲಿನಲ್ಲಿ ಎಚ್ಚರವಾಗುತ್ತಿದ್ದದ್ದೇ ಆ ಆಮೆನ್‌ಗೆ. ಎಲ್ಲರೂ ನನ್ನಿಂದಲೂ ಅದನ್ನೇ ಕಾಯುತ್ತಾರೆ. ನಾನು ಕೈ ಎತ್ತಿ, ನನಗೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನಬೇಕು. ಹಾಗೆ ಹೇಳಿಬಿಟ್ಟರೆ ಆಮೇಲೆ ಆ ಬಾಗಿಲನ್ನು ಮತ್ತೆ ದಾಟುವುದು ನನ್ನಿಂದ ಸಾಧ್ಯವಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ಹೇಳದಿದ್ದರೆ ಅವ್ವ ಎಲ್ಲರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಅವಳಿಗೆ ಇರುವವರು ಆ ಜನರೇ.

ಯಂಕಂಚಿಯ ಮಾಮಾ ಆ ವಾರ ತೊಗರಿಬೇಳೆ ತಂದುಕೊಟ್ಟು ಹೋಗಲು ಬಂದಿದ್ದ. ಮಾಮಾ ಅವ್ವನ ಅಣ್ಣ, ಅವನ ಮನೆಯವರು ಬೌದ್ಧರು. ಅಣ್ಣ ತಂಗಿ ವರ್ಷಗಳಿಂದ ಒಬ್ಬರನ್ನೊಬ್ಬರು ಕಾಡಿಸುತ್ತ ಬಂದಿದ್ದಾರೆ. ಅವ್ವ ನೀರು ತರಲು ಹೋದಾಗ ನಾನು ಸುಮ್ಮನೆ, ಬೇರೆ ಯಾರದೋ ಸಂಗತಿ ಎಂಬಂತೆ, ಸಂಶಯದ ಬಗ್ಗೆ ಕೇಳಿದೆ.

ಮಾಮಾ ನಕ್ಕ. "ಸಂಶೆ ಬಂತಂದ್ರ ತಲಿ ಕೆಲಸ ಮಾಡಾಕತ್ತೈತಿ ಅಂತ ತಿಳಿ. ನಮ್ಮ ಕಡೆ ಬಾ. ನಮ್ಮಲ್ಲಿ ಕೇಳಿದವರಿಗೆ ಬೈಯೂದಿಲ್ಲ."

"ಬರೂ ಮುಂದ ನಿನ್ನ ಬ್ಯಾಳಿ ಹೊಳ್ಳಿ ತಗೊಂಡ ಬರ್ತಾಳ, ಹುಳ ಹಿಡದಾವು!" ಎಂದಳು ಅವ್ವ, ಬಾಗಿಲಲ್ಲಿ ಕೊಡ ಹೊತ್ತು ನಿಂತು.

ಮಾಮಾ ಹೋದ ಮೇಲೆ ಅವನ ಮಾತಿನ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ಅವನ ಮನೆಯಲ್ಲಿ ನನಗೆ ನೆಮ್ಮದಿ ಇದೆ. ಅಲ್ಲಿಯ ಶಾಂತ ಮುಖದ ಮೂರ್ತಿಯ ಮುಂದೆ ಕುಳಿತರೆ ಎಷ್ಟು ಹೊತ್ತಾದರೂ ಕೂರಬಹುದು. ಆದರೆ ನನ್ನ ಸಂಶಯ ಇನ್ನೊಂದು ಮನೆ ಕೇಳುತ್ತಿರಲಿಲ್ಲ. ಅದು ಹುಟ್ಟಿದ್ದು ಈ ಹಾಡುಗಳ ನಡುವೆ, ಈ ಬಿಳಿ ಸೀರೆಗಳ ನಡುವೆ. ಇಲ್ಲೇ ಒಂದು ಮೂಲೆ ಅದಕ್ಕೆ ಸಿಗಬಹುದೇ ಎಂದು ನೋಡುತ್ತಿತ್ತು.

ಮುಂದಿನ ಶನಿವಾರ ಗೊಳಸಂಗಿಗೆ ಹೋದೆ. ಅಜ್ಜ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಬೇವಿನ ಹೂವು ಉದುರಿ ಅವರ ಹೊದಿಕೆಯ ಮೇಲೆ, ತಲೆದಿಂಬಿನ ಮೇಲೆ, ಹುಬ್ಬಿನ ಮೇಲೆ ಬಿದ್ದಿತ್ತು. ಅವರ ಹೆಂಡತಿ ಆಯಿ ಪಕ್ಕದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಇವರ ಮಾತು ಕೇಳಾಕ ಬಂದೀಯೇನ ತಂಗಿ?" ಎಂದರು ಆಯಿ. "ಬಾಯಿ ನೆಟ್ಟಗಿದ್ದಾಗ ಮನ್ಯಾಗ ಒಂದು ಮಾತು ಆಡತಿರಲಿಲ್ಲ. ಈಗ ಸೊಟ್ಟ ಆದ ಮ್ಯಾಲ ನಿಲ್ಲಸವಲ್ರು."

"ಸುಮ್ನಿರ ಬೇ," ಎಂದರು ಅಜ್ಜ. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

ನಾನು ಬಂದ ಕಾರಣ ಹೇಳಿದೆ. ಆ ಮಾತು ಹೇಳುವಾಗ ನಿಮಗೆ ಏನು ಅನಿಸುತ್ತಿತ್ತು ಎಂದು ಕೇಳಿದೆ.

"ಅಂಜಿಕಿ," ಎಂದರು ಅಜ್ಜ.

"ಯಾರ ಅಂಜಿಕ್ರಿ?"

"ಮಂದೀದು." ಉಸಿರು ತೆಗೆದುಕೊಂಡರು. "ಕಡೀ ಗಾಡಿ ಅಡವ್ಯಾಗ ಬಂದ್ ಬಿತ್ತಂದ್ರ ಮಂದಿ ಎಲ್ಲಾ ಕಂಡಕ್ಟರ್ ಮಾರಿ ನೋಡತೈತಿ. ಡ್ರೈವರ್ ಕೆಳಗ ಹೊಕ್ಕಿರತಾನ. ನನಗೇನ ಗೊತ್ತಿರತೈತಿ? ಆದ್ರೂ, ಈಗ ಹೊಂಡತೈತ್ರಿ, ಈಗ ಹೊಂಡತೈತ್ರಿ ಅಂತಿದ್ದೆ. ಅದ ಚಟ ಹತ್ತಿತು. ಮಂದಿರದಾಗೂ ಹಂಗ ಅಂದೆ."

"ಒಂದ್ಸಲ ತಾಂಬಾ ಹತ್ರ ಬೆಳತನಕಾ ಹೊಂಡಲಿಲ್ಲ," ಎಂದರು ಆಯಿ, ಬೀಜ ಎಸೆಯುತ್ತ. "ನಾನೂ ಇದ್ದೆ. ಇವರು ಈಗ ಹೊಂಡತೈತ್ರಿ ಅನ್ನೂದು ಬಿಟ್ಟಿರಲಿಲ್ಲ. ಒಬ್ಬಾವ ಎದ್ದು, ಸಾಕ ಮಾಡೋ ಮಾರಾಯಾ, ಹೊಂಡೂದಿಲ್ಲ ಅಂತ ಹೇಳು, ನಾವು ಬುತ್ತಿ ಬಿಚ್ಚತೀವಿ ಅಂದ."

"ಬಿಚ್ಚಿದ್ರೇನ್ರಿ?"

"ಬಿಚ್ಚಿದ್ವಿ. ಇವರು ಮಾತ್ರ ಉಣ್ಣಲಿಲ್ಲ. ಬಾಗಲದಾಗ ನಿಂತಿದ್ರು, ತಪ್ಪೆಲ್ಲಾ ಇವರದ ಅನ್ನೂವಂಗ."

ಅಜ್ಜ ನಗಲು ನೋಡಿದರು, ನಗು ಒಂದೇ ಕಡೆ ಬಂತು. ಆಮೇಲೆ ಸರಿಯಿದ್ದ ಕೈ ಎತ್ತಿ ನನ್ನನ್ನು ಹತ್ತಿರ ಕರೆದರು. "ನೀ ಮಾತ್ರ ಮೂರನೇ ದಿನ ಬಿಡಬ್ಯಾಡ ನೋಡು," ಎಂದರು. "ಮಂದಿ ಉಪಾಸ ಇರತೈತಿ. ಪಾಪ." ಹೇಳುತ್ತಿದ್ದಂತೆಯೇ ಕಣ್ಣು ಮುಚ್ಚಿದರು. ಅವರು ನಿದ್ದೆ ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿ ಕುಳಿತೆ. ಹೂವು ಉದುರುತ್ತಲೇ ಇತ್ತು, ಸದ್ದಿಲ್ಲದೆ. ಒಂದು ಹೂವು ನೆಲ ಮುಟ್ಟುವುದನ್ನು ಮೊದಲಿಂದ ಕೊನೆಯವರೆಗೆ ನೋಡಬೇಕೆಂದು ಹಟ ಹಿಡಿದು ನೋಡಿದೆ. ಪ್ರತಿ ಸಲ ಕಣ್ಣು ಬೇರೆ ಹೂವಿನ ಮೇಲೆ ಹೋಗುತ್ತಿತ್ತು.

ಗುರುವಾರ ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು ಹೇಳಿದೆ.

"ಅವ್ವಾ, ನಾಳೆ ನಾ ಮೂರನೇ ದಿನದ ಮಾತು ಹೇಳೂದಿಲ್ಲ."

"ಯಾಕ? ಹೊತ್ತ ಸಾಲೂದಿಲ್ಲೇನು?"

"ನನಗ ಗೊತ್ತಿಲ್ಲದ್ದನ್ನ ಗೊತ್ತೈತಿ ಅನ್ನಾಕ ಬರೂದಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಉಸಿರು ಬಿಟ್ಟು, ಅಂಚಿನಲ್ಲಿ ಕಪ್ಪಾಗತೊಡಗಿತು. ಅವ್ವ ಅದನ್ನು ತಿರುವಲಿಲ್ಲ.

"ನಿನಗ ನಂಬಿಕಿ ಇಲ್ಲೇನು?"

"ಗೊತ್ತಿಲ್ಲವ್ವಾ."

"ಯಾವಾಗಿಂದ?"

"ಭಾಳ ದಿನ ಆತು."

ಅವಳು ಸುಟ್ಟ ರೊಟ್ಟಿ ತೆಗೆದು ಬದಿಗಿಟ್ಟಳು. ಮತ್ತೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ. ನನ್ನ ಕಡೆ ತಿರುಗದೆ, "ನಾಳೆ ನಾ ಮುಂದ ಕುಂಡ್ರೂದಿಲ್ಲ," ಎಂದಳು.

ಮರುದಿನ ಅವ್ವ ಹೇಳಿದಂತೆಯೇ ಮಾಡಿದಳು. ಮಂದಿರದ ಹಿಂದಿನ ಗೋಡೆಗೆ, ಚಪ್ಪಲಿ ಬಿಡುವ ಬಾಗಿಲ ಪಕ್ಕ ಕುಳಿತಳು. ನಾನು ಮುಂದೆ, ಮಾತನಾಡುವವರ ಸಾಲಿನಲ್ಲಿ. ಶಿಲುಬೆಗೆ ಕಪ್ಪು ಬಟ್ಟೆ ಹೊದಿಸಿದ್ದರು. ಹೊರಗೆ ಬಿಸಿಲು ಎಷ್ಟು ಬಿಳಿಯಾಗಿತ್ತೆಂದರೆ ಕಿಟಕಿಗಳಲ್ಲಿ ಏನೂ ಕಾಣುತ್ತಿರಲಿಲ್ಲ, ನಾಲ್ಕು ಬಿಳಿ ಕಾಗದ ಅಂಟಿಸಿದಂತಿತ್ತು. ಇಂಡಿಯ ಕಾಕಾ ಕ್ಷಮೆಯ ಮಾತು ಹೇಳಿದರು. ಹಾಡಾಯಿತು. ಕಳ್ಳನ ಮಾತು, ಹಾಡು. ತಾಯಿಯ ಮಾತಿಗೆ ಹೆಂಗಸರು ಅತ್ತರು. ಬೆಳಗಿನಿಂದ ಏನೂ ತಿಂದಿರದ ನನ್ನ ತಲೆ ಹಗುರವಾಗಿತ್ತು. ಧ್ವನಿಗಳು ಹತ್ತಿರ ಬಂದು ದೂರ ಹೋಗುತ್ತಿದ್ದವು. ನಾನು ಮತ್ತೆ ಚಿಕ್ಕವಳಾಗಿ ಯಾರದೋ ಮಡಿಲಲ್ಲಿ ಮಲಗಿದ್ದೇನೆ, ಇನ್ನೇನು ಆ ಆಮೆನ್ ಬರುತ್ತದೆ ಎನಿಸುತ್ತಿತ್ತು. ಆಗ ಹಾಡು ನಿಂತಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಎದ್ದು ನಿಂತೆ. ಸುವಾರ್ತೆಯಲ್ಲಿರುವ ಆ ಕೂಗನ್ನು ಓದಿದೆ. ಆಮೇಲೆ ಹೇಳಿದ್ದು ಹೆಚ್ಚೇನಿಲ್ಲ. ಆತ ಕೇಳಿದ ಪ್ರಶ್ನೆಗೆ ಆ ಹೊತ್ತಿನಲ್ಲಿ ಉತ್ತರ ಬರಲಿಲ್ಲ, ಎಂದೆ. ಆಕಾಶ ಕಪ್ಪಾಗಿತ್ತು, ಶಿಲುಬೆಯ ಕೆಳಗೆ ನಿಂತವರಲ್ಲಿ ಕೆಲವರು ಆತ ಬೇರೆ ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡರು. ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ನನಗೂ ತಿಳಿದಿಲ್ಲ. ಕರೆದಾಗ ಆ ಕಡೆ ಯಾರೂ ಇಲ್ಲ ಎನಿಸುವುದು ಹೇಗಿರುತ್ತದೆ ಎಂಬುದು ಮಾತ್ರ ನನಗೆ ಸ್ವಲ್ಪ ಗೊತ್ತು. ಆತನಿಗೂ ಅದು ಗೊತ್ತಿತ್ತು ಎಂದು ಇಲ್ಲಿ ಬರೆದಿದೆ. ನಾನು ಈ ಮಾತಿನ ಹತ್ತಿರ ಇಷ್ಟೇ ಬಂದಿದ್ದೇನೆ.

ಹೇಳಿ ಕುಳಿತೆ.

ಹಾಡು ಶುರುವಾಗಲಿಲ್ಲ. ಹಾರ್ಮೋನಿಯಮ್ ಮುಂದೆ ಕುಳಿತವರು ಬೆರಳುಗಳನ್ನು ಅದರ ಕಪ್ಪುಬಿಳಿ ಮನೆಗಳ ಮೇಲಿಟ್ಟುಕೊಂಡೇ ನನ್ನನ್ನು ನೋಡುತ್ತಿದ್ದರು. ನಾನು ಮುಗಿಸಿಲ್ಲ ಎಂದು ಅವರು ತಿಳಿದಿದ್ದರು. ಎಲ್ಲರೂ ಹಾಗೇ ತಿಳಿದಿದ್ದರು. ತಗಡು ಚಿಟ್ ಎಂದಿತು. ಎಲ್ಲೋ ಒಂದು ಕೂಸು, "ಮುಗೀತೇನಬೇ?" ಎಂದಿತು, ತಾಯಿ ಅದರ ಬಾಯಿ ಮುಚ್ಚಿದಳು.

ಇಂಡಿಯ ಕಾಕಾ ಮೊಣಕಾಲಿಗೆ ಕೈಯೂರಿ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ತಂಗಿ ಮರತಾಳ್ರಿ. ಮೊದಲನೇ ಸಲ ನಿಂತಾಳ, ಅಂಜಿ ಮರತಾಳ. ಅಷ್ಟು ನಾ ಹೇಳಿಬಿಡತೇನಿ. ದುಃಖ ಪಡಬ್ಯಾಡ್ರಿ, ಮೂರನೇ ದಿನ…"

ಇಷ್ಟು ಸುಲಭವಾದ ದಾರಿ ನನಗೆ ತೆರೆಯುತ್ತದೆಂದು ನಾನು ಎಣಿಸಿರಲಿಲ್ಲ. ಸುಮ್ಮನೆ ಕುಳಿತರೆ ಸಾಕಿತ್ತು. ಹುಡುಗಿ ಮರೆತಳು ಎಂದು ಎಲ್ಲರೂ ನಗುತ್ತಿದ್ದರು, ಅವ್ವ ಮುಂದಿನ ವಾರ ತನ್ನ ಜಾಗಕ್ಕೆ ಮರಳುತ್ತಿದ್ದಳು. ಒಂದು ಕ್ಷಣ ಸುಮ್ಮನೇ ಕುಳಿತೆ ಕೂಡ. ಆ ಕ್ಷಣದಲ್ಲಿ ಮಂದಿರ ನನ್ನಿಂದ ಬಹಳ ದೂರ ಸರಿದದ್ದು ಕಂಡಿತು. ಮುಖಗಳೆಲ್ಲ ಮತ್ತೆ ಬೇರೆಯವರ ಕಿಟಕಿಗಳಾದವು.

ಎದ್ದೆ. "ಮರತಿಲ್ರಿ ಕಾಕಾರ," ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. "ಅದು ನನಗ ಇನ್ನಾ ಗೊತ್ತಿಲ್ರಿ. ಅದಕ್ಕ ಹೇಳಲಿಲ್ಲ."

ಕಾಕಾ ಎತ್ತಿದ ಕೈ ಹಾಗೇ ಇತ್ತು. ಯಾರೂ ಆಮೆನ್ ಎನ್ನಲಿಲ್ಲ. ನಾನು ಹಿಂದೆ ತಿರುಗಿ ನೋಡಲಿಲ್ಲ, ಬಾಗಿಲ ಪಕ್ಕದ ಗೋಡೆಯ ಕಡೆ ನೋಡುವ ಧೈರ್ಯ ಇರಲಿಲ್ಲ.

ಆಗ ಪಾಸ್ಟರ್ ತಮ್ಮ ಖುರ್ಚಿಯಿಂದ, ಎಂದಿನ ಬೇಸರದ ಧ್ವನಿಯಲ್ಲೇ, "ಕೂಡ್ರಿ ಕಾಕಾ. ನೀವು ಅಂದದ್ದು ಭಾನುವಾರದ ಮಾತು. ಇವತ್ತಿನವು ಇನ್ನಾ ಮೂರು ಅದಾವ," ಎಂದರು. ಹಾರ್ಮೋನಿಯಮ್ ಕಡೆಗೆ ತಲೆಯಾಡಿಸಿದರು. ಹಾಡು ಎದ್ದಿತು. ಮುದ್ದೇಬಿಹಾಳದ ಟೇಲರ್ ಒಣಗಿದ ತುಟಿ ಸವರಿಕೊಂಡು ನೀರಡಿಕೆಯ ಮಾತಿಗೆ ನಿಂತ.

ಆರಾಧನೆ ಮುಗಿದು ಹೊರಗೆ ಚಪ್ಪರದ ಕೆಳಗೆ ಜೋಳದ ಅಂಬಲಿ ಕೊಟ್ಟರು. ನನ್ನ ಸುತ್ತ ಸ್ವಲ್ಪ ಜಾಗ ಬಿಟ್ಟು ಎಲ್ಲರೂ ನಿಂತಿದ್ದರು. ಕಾಕಾ ಲೋಟ ಹಿಡಿದ ಅವ್ವನ ಹತ್ತಿರ ಹೋದರು.

"ಇಂಥಾ ದಿವಸ ಹಿಂಗ ಮಾತಾಡೂದೇನ ತಂಗೀ? ಕಲಸಿದ್ದು ಹೆಚ್ಚಾತು ನೋಡು ಆಕೀಗೆ."

"ಹೆಚ್ಚಾಗಿಲ್ಲ ಅಣ್ಣಾ," ಎಂದಳು ಅವ್ವ. "ಸುಳ್ಳು ಹೇಳೂದು ಒಂದು ಕಲಸೂದು ಬಿಟ್ಟಿದ್ದೆ. ಅದೊಂದು ಖೋಡಿ ಉಳದೈತಿ ಆಕ್ಯಾಗ. ಅಂಬಲಿಗೆ ಉಪ್ಪು ಹತ್ತೇತಿಲ್ಲೋ ನೋಡ್ರಿ."

ಅದನ್ನು ಕೇಳಿದ್ದು ನಾನು, ಲೋಟ ತೊಳೆಯುವ ಬಾನಿಯ ಹತ್ತಿರ ನಿಂತು. ಅಮ್ಮಾರು ಬಂದು ನನ್ನ ಪಕ್ಕ ಕುಳಿತು ಲೋಟಗಳನ್ನು ಬೋರಲು ಹಾಕತೊಡಗಿದರು.

"ಮುಂದಿನ ವರ್ಷನೂ ನಾಲ್ಕನೇದು ನಿನಗ ಐತಿ," ಎಂದರು ಕೊನೆಗೆ.

"ಅಮ್ಮಾರ, ಅಷ್ಟೊತ್ತಿಗೆ ನಾ ಸಭಾದಾಗ ಇರತೇನೋ ಇಲ್ಲೋ…"

"ಅದೂ ಗೊತ್ತಿಲ್ಲ ಅಂತಿ. ಇರಲಿ. ಮಾತು ನಿನ್ನ ಹೆಸರಿಗೆ ಇಟ್ಟಿರತೇನಿ. ಬ್ಯಾರೆದವರಿಗೆ ಕೊಡೂದಿಲ್ಲ." ಸೀರೆಗೆ ಕೈ ಒರೆಸಿಕೊಂಡು ಎದ್ದರು. "ಉತ್ತರ ಸಿಕ್ಕಿತಂದ್ರ ಹೇಳು, 'ತೀರಿತು' ಅನ್ನೂ ಆರನೇದು ಕೊಡತೇನಿ."

ಬಸ್ಸಿನಲ್ಲಿ ಅವ್ವ, ಕಾಕಾಗೆ ಕೊಟ್ಟ ಉತ್ತರ ಕಾಕಾಗೆ, ನನಗಲ್ಲ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊಯ್ದು ಬರಿದಾದ ಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಜೋಳದ ಕಣಿಕೆಯ ಬಣವಿಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅವಳ ತಲೆ ತೂಕಡಿಸಿ ನನ್ನ ಭುಜಕ್ಕೆ ತಾಗಿತು, ಎಚ್ಚರಾಗಿ ನೆಟ್ಟಗಾಯಿತು, ಮತ್ತೆ ತಾಗಿತು.

ಶನಿವಾರ ನಮ್ಮಲ್ಲಿ ಏನೂ ಇರುವುದಿಲ್ಲ. ಶುಕ್ರವಾರ ಮುಗಿದಿರುತ್ತದೆ, ನಸುಕಿನಲ್ಲೇ ಆರಾಧನೆಗೆ ಹೊರಡುವ ಭಾನುವಾರ ಬಂದಿರುವುದಿಲ್ಲ. ನನಗೆ ಕಾಲೇಜಿಗೆ ರಜೆ ಇತ್ತು. ಅವ್ವ ಹಿತ್ತಿಲಲ್ಲಿ ಪಾತ್ರೆ ಉಜ್ಜಿದಳು, ಬಟ್ಟೆ ಒಗೆದಳು, ಬೇಕಾಗಿಲ್ಲದ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದಳು. ಮಧ್ಯಾಹ್ನ ಎರಡು ತಾಟು ಹಾಕಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಣ್ಣುವ ಮೊದಲು ಪ್ರಾರ್ಥನೆ ಮಾಡುವವಳು ಅವಳೇ. ನಾನು ತಲೆ ಬಾಗಿಸಿ ಕಾದೆ. ಅವಳ ಧ್ವನಿ ಬರಲಿಲ್ಲ.

"ಇವತ್ತ ನೀ ಮಾಡು," ಎಂದಳು.

ತಲೆಯೆತ್ತಿ ನೋಡಿದೆ. ಅವಳು ಕಣ್ಣು ಮುಚ್ಚಿರಲಿಲ್ಲ. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆಯೇ ಎಂದು ಹುಡುಕಿದೆ, ಆ ಮುಖದಲ್ಲಿ ದಣಿವು ಬಿಟ್ಟು ಬೇರೇನೂ ಕಾಣಲಿಲ್ಲ. ರೂಢಿಯ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಅವುಗಳನ್ನು ಹೇಳಿ ಮುಗಿಸಬಹುದಿತ್ತು.

"ಇದನ್ನ ಕೇಳಾಕ ಯಾರಾರ ಅದಾರೋ ಇಲ್ಲೋ ನನಗ ಗೊತ್ತಿಲ್ಲ," ಎಂದೆ. ಇಷ್ಟು ವರ್ಷಗಳಲ್ಲಿ ಅದನ್ನು ಆ ಕಡೆಗೇ ತಿರುಗಿ ಹೇಳಿದ್ದು ಮೊದಲ ಸಲ. "ಇದ್ರ, ಈ ರೊಟ್ಟಿ ಸಲುವಾಗಿ ಉಪಕಾರ. ಅವ್ವನ ಸಲುವಾಗಿ ಉಪಕಾರ. ನನಗ ಯಾಕ ಕೇಳಸವಲ್ದು ಅಂತ ನಾ ಕೇಳೂದು ಬಿಡೂದಿಲ್ಲ. ಸಿಟ್ಟಾಗಬ್ಯಾಡ."

ಮುಂದೆ ಹೇಗೆ ಮುಗಿಸಬೇಕೋ ತಿಳಿಯದೆ ನಿಲ್ಲಿಸಿದೆ. ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು, ಅದರ ಸದ್ದು ಪೂರ್ತಿ ಕರಗುವವರೆಗೆ ನಾವಿಬ್ಬರೂ ಹಾಗೇ ಕುಳಿತಿದ್ದೆವು. ಆ ಕಡೆಯಿಂದ ಏನೂ ಬರಲಿಲ್ಲ. ಆದರೆ ಈ ಸಲ ಕರೆ ಕಡಿದಿದೆ ಎಂದು ನನಗೆ ಅನಿಸಲಿಲ್ಲ. ಹಾಗೆಂದು ಯಾರೋ ಕೇಳಿಸಿಕೊಂಡರು ಎಂದೂ ಹೇಳಲಾರೆ.

"ಆಮೆನ್," ಎಂದಳು ಅವ್ವ. ಸೆರಗಿನಿಂದ ಮುಖ ಒರೆಸಿಕೊಂಡಳು. "ಉಣ್ಣು. ಪಲ್ಯ ಆರತೈತಿ."

ಉಂಡೆವು. ಅವಳು ಎರಡನೆಯ ರೊಟ್ಟಿಯನ್ನು ನಾನು ಬೇಡವೆನ್ನುವ ಮೊದಲೇ ತಾಟಿಗೆ ಹಾಕಿದಳು. ತೆರೆದ ಬಾಗಿಲಿನಿಂದ ಬಿಸಿಲು ಒಳಗೆ ಬಂದು ನಮ್ಮ ಕಾಲಿನ ಹತ್ತಿರ ನಿಂತಿತ್ತು.

"ನಾಳೆ ಎಷ್ಟೊತ್ತಿಗೆ ಏಳಬೇಕವ್ವಾ?" ಎಂದು ಕೇಳಿದೆ.

ಅವಳು ತುತ್ತು ಹಿಡಿದ ಕೈ ನಿಲ್ಲಿಸಿದಳು. "ಕೋಳಿ ಕೂಗೂಕಿಂತ ಮೊದಲ," ಎಂದಳು. ಸ್ವಲ್ಪ ತಡೆದು, "ಎಬ್ಬಸಲೇನು?"

"ಎಬ್ಬಸು."